ದುಬಾರಿ ಟ್ರೆಡ್‌ಮಿಲ್ಲೋ, ಅಗ್ಗದ್ದೋ? ಮೊದಲು ಮುಚ್ಚಳದ ಕೆಳಗೆ ನೋಡೋಣ

ಪ್ರಶ್ನೆ: ನನಗೆ 47 ವರ್ಷ, ತೂಕ 94 ಕೆ.ಜಿ. ದಿನಾ ಮುಕ್ಕಾಲು ಗಂಟೆ ನಡೆಯಿರಿ ಅಂತ ಡಾಕ್ಟರು ಹೇಳಿದ್ದಾರೆ. ನನ್ನ ಹೆಂಡತಿಯೂ ನಡೆಯುತ್ತಾಳೆ. 17 ವರ್ಷದ ಮಗಳು ವಾರಕ್ಕೆ ಮೂರು ದಿನ 5 ಕಿ.ಮೀ. ಓಡುತ್ತಾಳೆ. ಮನೆಗೆ ಟ್ರೆಡ್‌ಮಿಲ್ ತರೋಣ ಅಂತ ಎರಡು ನೋಡಿಟ್ಟಿದ್ದೇವೆ. ಒಂದು ಅಗ್ಗದ್ದು. ‘4 ಎಚ್‌ಪಿ ಪೀಕ್’ ಅಂತ ದೊಡ್ಡದಾಗಿ ಬರೆದಿದೆ, ತೂಕದ ಮಿತಿ 100 ಕೆ.ಜಿ. ಇನ್ನೊಂದರ ಬೆಲೆ ಅದರ ನಾಲ್ಕು ಪಟ್ಟು. ದೊಡ್ಡ ಟಚ್‌ಸ್ಕ್ರೀನ್ ಇದೆ, ಆದರೆ ಮೋಟರ್ ‘3 ಎಚ್‌ಪಿ ಕಂಟಿನ್ಯುಯಸ್’ ಅಷ್ಟೇ. ಕಡಿಮೆ ಎಚ್‌ಪಿಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಯಾವುದು ತಂದರೂ ಆರು ತಿಂಗಳಿಗೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತೆ ಅಂತ ಹೆಂಡತಿ ನಗುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ಮೊದಲು ಹೋಗಿದ್ದು ಎಚ್‌ಪಿ ಮೇಲಲ್ಲ, ತೂಕದ ಮೇಲೆ. ನೀವು 94, ಯಂತ್ರದ ಮಿತಿ 100. ಆರು ಕೆ.ಜಿ. ಬಾಕಿ ಇದೆಯಲ್ಲ ಅಂತ ನಿಮಗೆ ಅನಿಸಿರಬಹುದು. ಆದರೆ ಆ ಮಿತಿಯ ಹತ್ತಿರದ ತೂಕವನ್ನು ದಿನಾ ಮುಕ್ಕಾಲು ಗಂಟೆ, ವರ್ಷಗಟ್ಟಲೆ ಹೊರುವುದು ಅಗ್ಗದ ಯಂತ್ರಕ್ಕೆ ಸುಲಭ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಭಾರ ಇರುವವರ ತೂಕಕ್ಕೆ 20-25 ಕೆ.ಜಿ. ಸೇರಿಸಿ, ಅಷ್ಟು ಮಿತಿ ಇರುವ ಯಂತ್ರವನ್ನೇ ನೋಡಿ ಅಂತ ನಾನು ಯಾವಾಗಲೂ ಹೇಳುವುದು. ನಿಮ್ಮ ಮನೆಗೆ ಅದು ಸುಮಾರು 120. ಹಾಗಾಗಿ ಆ ಅಗ್ಗದ್ದನ್ನು ಇಲ್ಲಿಗೇ ಬಿಟ್ಟುಬಿಡಿ. ಹಾಗಂತ ನಾಲ್ಕು ಪಟ್ಟು ಬೆಲೆಯದ್ದನ್ನೇ ತನ್ನಿ ಅಂತಲೂ ನಾನು ಹೇಳುತ್ತಿಲ್ಲ. ಯಾಕೆ ಅಂತ ಹೇಳಬೇಕಾದರೆ ಮುಚ್ಚಳ ಬಿಚ್ಚಬೇಕು.

ಮೊದಲು ಎಚ್‌ಪಿ ಗೊಂದಲ ಮುಗಿಸೋಣ. ಪೀಕ್ ಎಂದರೆ ಮೋಟರ್ ಒಂದು ಕ್ಷಣ ಮುಟ್ಟಬಲ್ಲ ತುದಿ. ಕಂಟಿನ್ಯುಯಸ್ ಎಂದರೆ ಬಿಸಿಯಾಗಿ ಸೋಲದೆ ಒಂದೇ ಸಮ ಕೊಡಬಲ್ಲ ಶಕ್ತಿ. ಒಂದು ಮೆಟ್ಟಿಲು ಮೂಟೆ ಎತ್ತುವುದಕ್ಕೂ ಅದನ್ನೇ ಹೊತ್ತು ಒಂದು ಮೈಲಿ ನಡೆಯುವುದಕ್ಕೂ ಇರುವಷ್ಟು ವ್ಯತ್ಯಾಸ. ಹಾಗಾಗಿ ನಿಮ್ಮ 4 ಮತ್ತು 3ನ್ನು ಹೋಲಿಸಲು ಬರುವುದೇ ಇಲ್ಲ. ನಿಜ ತಿಳಿಯಲು ಒಂದು ಸುಲಭದ ದಾರಿ ಇದೆ. ಯಂತ್ರಕ್ಕೆ ಅಂಟಿಸಿದ ಫಲಕದಲ್ಲಿ ಅದು ಎಳೆಯುವ ವ್ಯಾಟ್ ಬರೆದಿರುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಫಲಕದಲ್ಲಿ 1100 ವ್ಯಾಟ್ ಅಂತಿದ್ದರೆ 746ರಿಂದ ಭಾಗಿಸಿ, ಒಂದೂವರೆ ಎಚ್‌ಪಿ ಕೂಡ ಬರುವುದಿಲ್ಲ. ಅದರಲ್ಲೂ ಸ್ವಲ್ಪ ಬಿಸಿಯಾಗಿ ಸೋರಿಹೋಗುತ್ತದೆ. ಡಬ್ಬದ ಮೇಲಿನ 4 ಎಲ್ಲಿ ಹೋಯಿತು ಅಂತ ಮಾರುವವರನ್ನು ಕೇಳಿ ನೋಡಿ, ಉತ್ತರ ಕೇಳಲು ಮಜವಾಗಿರುತ್ತದೆ. ನಡೆಯುವುದಕ್ಕೆ ಕಂಟಿನ್ಯುಯಸ್ 2 ಎಚ್‌ಪಿ ಸಾಕು. ನಿಧಾನದ ಜಾಗಿಂಗ್‌ಗೆ 2.5. ನಿಯಮಿತವಾಗಿ ಓಡುವವರಿದ್ದರೆ 3.

ಈಗ ನಿಮ್ಮ ಮನೆಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೋಟರ್‌ಗೆ ಜಾಸ್ತಿ ಕಷ್ಟ ಕೊಡುವವರು ಯಾರು, ಓಡುವ ಮಗಳೋ, ನಡೆಯುವ ಅಪ್ಪನೋ? ಎಲ್ಲರೂ ಮಗಳು ಅಂತಾರೆ. ಬಹಳ ಸಲ ಅದು ಅಪ್ಪ.

ಹೇಗೆ ಅಂತ ನೋಡಿ. ಟ್ರೆಡ್‌ಮಿಲ್ ಬೆಲ್ಟ್‌ನ ಕೆಳಗೆ ಒಂದು ನುಣುಪಾದ ಹಲಗೆ ಇರುತ್ತದೆ, ಅದನ್ನು ಡೆಕ್ ಅನ್ನುತ್ತಾರೆ. ನೀವು ಕಾಲಿಟ್ಟಾಗ ನಿಮ್ಮ ಭಾರ ಬೆಲ್ಟನ್ನು ಆ ಹಲಗೆಗೆ ಒತ್ತುತ್ತದೆ. ಆ ಉಜ್ಜಾಟವನ್ನು ಮೀರಿ ಬೆಲ್ಟನ್ನು ಎಳೆಯುವುದೇ ಮೋಟರ್‌ನ ಮುಖ್ಯ ಕೆಲಸ. ಭಾರ ಜಾಸ್ತಿ ಆದಷ್ಟೂ ಉಜ್ಜಾಟ ಜಾಸ್ತಿ, ಅದಕ್ಕೆ ತಕ್ಕಂತೆ ಮೋಟರ್ ಎಳೆಯುವ ಕರೆಂಟೂ ಜಾಸ್ತಿ. ನಡೆಯುವಾಗ ಒಂದಲ್ಲ ಒಂದು ಕಾಲು ಸದಾ ಬೆಲ್ಟ್ ಮೇಲೆ ಇದ್ದೇ ಇರುತ್ತದೆ. ಓಡುವಾಗ ಹೆಜ್ಜೆ ಹೆಜ್ಜೆಗೂ ದೇಹ ಗಾಳಿಯಲ್ಲಿರುವ ಗಳಿಗೆ ಬರುತ್ತದೆ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮನೆಬಳಕೆಯ ಬಹಳಷ್ಟು ಯಂತ್ರಗಳಲ್ಲಿ ಮೋಟರನ್ನು ತಣ್ಣಗಿಡುವ ಫ್ಯಾನ್ ಅದರ ಶಾಫ್ಟ್‌ಗೇ ಕೂತಿರುತ್ತದೆ. ಮೋಟರ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ. ಅಂದರೆ 94 ಕೆ.ಜಿ.ಯವರು ಗಂಟೆಗೆ 3 ಕಿ.ಮೀ. ವೇಗದಲ್ಲಿ ನಡೆದಾಗ ಬಿಸಿ ಜಾಸ್ತಿ, ಗಾಳಿ ಕಡಿಮೆ. ಸಣ್ಣ ಮೋಟರ್‌ಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ‘ನಾನೇನು ಓಡ್ತೀನಾ, ಸುಮ್ನೆ ನಡೆಯೋದಕ್ಕೆ ಚಿಕ್ಕದು ಸಾಕು’ ಅನ್ನುವ ಮಾತು ಹಗುರ ಇರುವವರಿಗೆ ಸರಿ. ನಿಮಗೆ ಸರಿಯಲ್ಲ.

ಮಗಳು ಪೆಟ್ಟು ಕೊಡುವುದು ಬೇರೆ ಕಡೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಪಟ್ಟಿಗೂ ಮೀರಿದ ಬಲ ಬೀಳುತ್ತದೆ. ಅದನ್ನು ತಿನ್ನುವುದು ಡೆಕ್ಕು, ಫ್ರೇಮು, ಬೋಲ್ಟುಗಳು. ಓಡುವಾಗ ಕಂಬಗಳು ಅಲುಗಾಡುವುದು, ಸ್ಕ್ರೀನ್ ಗಡಗಡ ಅನ್ನುವುದು ಇದರಿಂದಲೇ. ಅಗ್ಗದ ಯಂತ್ರ 40-50 ಕೆ.ಜಿ. ತೂಗುತ್ತದೆ, ಗಟ್ಟಿಮುಟ್ಟಾದದ್ದು 90 ದಾಟುತ್ತದೆ. ಕೊಡುವ ದುಡ್ಡಿಗೆ ಎಷ್ಟು ಉಕ್ಕು ಬರುತ್ತದೆ ಅಂತ ಕೇಳುವುದು ಒರಟು ಪ್ರಶ್ನೆ ಅನ್ನಿಸಬಹುದು. ನನಗೆ ಅದು ಒಳ್ಳೆಯ ಪ್ರಶ್ನೆ.

ಉಜ್ಜಾಟದ ಮಾತು ಬಂತಲ್ಲ, ಅಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ನಾನು ರಿಪೇರಿಗೆ ಹೋದ ಎಷ್ಟೋ ಮನೆಗಳಲ್ಲಿ ‘ಮೋಟರ್ ಸುಟ್ಟಿದೆ’ ಅಂತ ಹೇಳಿರುತ್ತಾರೆ. ಬಿಚ್ಚಿ ನೋಡಿದರೆ ಮೋಟರ್ ಚೆನ್ನಾಗೇ ಇರುತ್ತದೆ, ಸುಟ್ಟಿರುವುದು ಕಂಟ್ರೋಲರ್ ಬೋರ್ಡ್, ಅಂದರೆ ಮೋಟರ್‌ಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಬೋರ್ಡ್. ಬೆಲ್ಟ್ ಕೆಳಗೆ ಕೈ ಹಾಕಿದರೆ ಎಣ್ಣೆಯ ಪಸೆಯೇ ಇರುವುದಿಲ್ಲ. ಒಣಗಿದ ಬೆಲ್ಟ್ ಉಜ್ಜುತ್ತದೆ, ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಕರೆಂಟ್ ಹಾದುಹೋಗುವ ಬೋರ್ಡ್ ಕಾದು ಕಾದು ಒಂದು ದಿನ ಪ್ರಾಣ ಬಿಡುತ್ತದೆ. ಒಂದು ಮನೆಯಲ್ಲಂತೂ ಎಣ್ಣೆಯ ಸಣ್ಣ ಬಾಟಲಿ ಡಬ್ಬದಲ್ಲೇ ಇತ್ತು, ಸೀಲ್ ಕೂಡ ಒಡೆದಿರಲಿಲ್ಲ. ಯಂತ್ರಕ್ಕೆ ಎರಡು ವರ್ಷ. ಆ ಮಾದರಿಯ ಬೋರ್ಡ್ ಬರುವುದು ನಿಂತುಹೋಗಿತ್ತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಇಲ್ಲಿಂದ ಕಲಿಯುವುದು ಎರಡು. ಒಂದು, ಎಣ್ಣೆ ಹಾಕಿ. ಶುದ್ಧ ಸಿಲಿಕೋನ್ ಎಣ್ಣೆ ಮಾತ್ರ. ಅಡುಗೆ ಎಣ್ಣೆ, ಇಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ, ಬೆಲ್ಟ್ ಹಾಳಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಅನ್ನುವುದು ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಕೆಲವು ದುಬಾರಿ ಯಂತ್ರಗಳ ಡೆಕ್‌ಗೆ ಮೇಣ ಸವರಿರುತ್ತಾರೆ, ಅವಕ್ಕೆ ಎಣ್ಣೆ ಹಾಕಬಾರದು. ಅದನ್ನೂ ಓದಿ ತಿಳಿದುಕೊಳ್ಳಿ. ಎರಡು, ಅಗ್ಗದ್ದು ಕೊಳ್ಳುವಾಗ ನಿಜವಾಗಿ ಕೇಳಬೇಕಾದ್ದು ‘ಮೂರು ವರ್ಷ ಆದಮೇಲೆ ಇದರ ಬೋರ್ಡ್ ಸಿಗುತ್ತಾ?’ ಅಂತ. ಬೆಲ್ಟನ್ನು ಅಳತೆ ಕೊಟ್ಟು ಮಾಡಿಸಬಹುದು. ಬೇರಿಂಗ್ ಎಲ್ಲಿ ಬೇಕಾದರೂ ಸಿಗುತ್ತದೆ. ಬೋರ್ಡ್ ಹಾಗಲ್ಲ, ಆಯಾ ಮಾದರಿಗೇ ಅಂಟಿಕೊಂಡದ್ದು. ಒಂದೇ ಕಾರ್ಖಾನೆಯಿಂದ ಬಂದ ಯಂತ್ರಕ್ಕೆ ಹತ್ತು ಜನ ಹತ್ತು ಹೆಸರಿನ ಸ್ಟಿಕರ್ ಅಂಟಿಸಿ ಮಾರುವುದುಂಟು. ಮುಂದಿನ ವರ್ಷ ಆ ಹೆಸರೇ ಇಲ್ಲದಿದ್ದರೆ ಬೋರ್ಡ್ ಎಲ್ಲಿಂದ ಬರಬೇಕು?

ವಾರಂಟಿ ಕಾಗದವನ್ನೂ ಇದೇ ಕಣ್ಣಿಂದ ಓದಿ. ‘ಮೋಟರ್‌ಗೆ ಲೈಫ್‌ಟೈಮ್ ವಾರಂಟಿ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಬೋರ್ಡ್, ಬೆಲ್ಟ್, ರೋಲರ್‌ಗಳಿಗೆ ಒಂದೇ ವರ್ಷ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಮೊದಲು ಕೆಡುವುದಕ್ಕೆ ಎಷ್ಟು ವರ್ಷ ಅಂತ ನೋಡಬೇಕು, ಕೊನೆಗೆ ಕೆಡುವುದಕ್ಕಲ್ಲ. ಮನೆಗೆ ಬಂದು ರಿಪೇರಿ ಮಾಡುವ ಕೂಲಿ ಅದರಲ್ಲಿ ಸೇರಿದೆಯಾ ಅಂತಲೂ ಕೇಳಿ. 90 ಕೆ.ಜಿ. ಯಂತ್ರವನ್ನು ನೀವು ಅಂಗಡಿಗೆ ಹೊತ್ತುಕೊಂಡು ಹೋಗೋಕಾಗಲ್ಲ, ಅಲ್ವಾ?

ರೋಲರ್ ಅಂದೆ. ಬೆಲ್ಟನ್ನು ತಿರುಗಿಸುವ ಮುಂದಿನ, ಹಿಂದಿನ ಉರುಳೆಗಳು ಇವು. ಅಗ್ಗದ ಯಂತ್ರಗಳಲ್ಲಿ ಇವುಗಳ ದಪ್ಪ 42 ಮಿ.ಮೀ. ಆಸುಪಾಸು, ಒಳ್ಳೆಯವುಗಳಲ್ಲಿ 60 ಅಥವಾ ಅದಕ್ಕೂ ಹೆಚ್ಚು. ಗಂಟೆಗೆ 10 ಕಿ.ಮೀ. ವೇಗದಲ್ಲಿ 42 ಮಿ.ಮೀ. ಉರುಳೆ ನಿಮಿಷಕ್ಕೆ ಸುಮಾರು 1,260 ಸುತ್ತು ತಿರುಗಬೇಕು. 60ರದ್ದಕ್ಕೆ 885 ಸುತ್ತು ಸಾಕು. ಸುತ್ತು ಕಡಿಮೆ ಆದಷ್ಟೂ ಬೇರಿಂಗ್ ಬಾಳಿಕೆ ಜಾಸ್ತಿ, ಸದ್ದು ಕಡಿಮೆ. ಬೆಲ್ಟೂ ಅಷ್ಟು ಚೂಪಾಗಿ ಮಡಚಿಕೊಳ್ಳುವುದಿಲ್ಲ. ಇದನ್ನು ಯಾರೂ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದಿಲ್ಲ, ನೀವೇ ಹುಡುಕಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಬೆಲ್ಟ್‌ಗೂ ಸಲ್ಲುತ್ತದೆ. ಗಂಟೆಗೆ 10 ಕಿ.ಮೀ. ಓಡುವವರು ನಿಮಿಷಕ್ಕೆ 165 ಹೆಜ್ಜೆ ಇಟ್ಟರೆ ಒಂದೊಂದು ಹೆಜ್ಜೆಯೂ ಸುಮಾರು ಒಂದು ಮೀಟರ್. 120 ಸೆಂ.ಮೀ. ಉದ್ದದ ಬೆಲ್ಟ್ ಮೇಲೆ ಹಾಗೆ ಓಡುವವರು ಹಿಂದೆ ಬಿದ್ದೇನು ಅನ್ನುವ ಭಯಕ್ಕೆ ಹೆಜ್ಜೆ ಮೊಟಕು ಮಾಡಿಕೊಳ್ಳುತ್ತಾರೆ, ಮುಂದಿನ ಮುಚ್ಚಳಕ್ಕೆ ಕಾಲ್ಬೆರಳು ತಾಗಿಸಿಕೊಳ್ಳುತ್ತಾರೆ. ನಿಮಗೂ ನಿಮ್ಮ ಹೆಂಡತಿಗೂ 120 ಸಾಕು. ಮಗಳಿಗೆ 140 ಬೇಕು, ಅಗಲ 50. ಇದರಲ್ಲಿ ರಾಜಿ ಬೇಡ.

ಇನ್ನು ಏರು, ಅಂದರೆ ಇನ್‌ಕ್ಲೈನ್. ದುಬಾರಿ ಯಂತ್ರದ ಒಂದು ಸೌಲಭ್ಯಕ್ಕೆ ಮಾತ್ರ ದುಡ್ಡು ಕೊಡಬಹುದು ಅಂದರೆ ನಾನು ಇದನ್ನು ಆರಿಸುತ್ತೇನೆ, ಅದರಲ್ಲೂ ನಡೆಯುವವರಿಗೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಟ್ಟಿರುವ ಸೂತ್ರದ ಪ್ರಕಾರ, ಗಂಟೆಗೆ 5 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ ನಡೆದರೆ ದೇಹ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಸುಮಾರು 12 ಮಿ.ಲೀ. ಆಮ್ಲಜನಕ ಬಳಸುತ್ತದೆ. ಅದೇ ವೇಗಕ್ಕೆ ಶೇ. 5 ಏರು ಕೊಟ್ಟರೆ 19 ದಾಟುತ್ತದೆ. ಶೇ. 12 ಕೊಟ್ಟರೆ ಸುಮಾರು 30. ಗಂಟೆಗೆ 8 ಕಿ.ಮೀ. ಓಡಿದರೂ ಅಷ್ಟೇ ಬರುತ್ತದೆ. ಓಟದ ಪೆಟ್ಟಿಲ್ಲದೆ ಓಟದಷ್ಟು ದುಡಿಮೆ, ಬರೀ ನಡೆದು! ಇದು ಕಂಬಿ ಹಿಡಿಯದೆ ನಡೆದರೆ ಮಾತ್ರ. ಕಂಬಿಗೆ ಜೋತುಬಿದ್ದರೆ ದುಡಿಮೆ ಇಳಿಯುತ್ತದೆ, ಆದರೆ ಸ್ಕ್ರೀನ್ ಅದೇ ಕ್ಯಾಲೊರಿ ತೋರಿಸುತ್ತಿರುತ್ತದೆ. ಮೀನಖಂಡಕ್ಕೂ ಹಿಮ್ಮಡಿಗೂ ಏರು ಹೊಸದು, ಹಾಗಾಗಿ ಶೇ. 2ರಿಂದ ಶುರುಮಾಡಿ. ನಿಮಗೆ ಎಷ್ಟರವರೆಗೆ ಹೋಗಬಹುದು ಅಂತ ನಡೆಯಲು ಹೇಳಿದ ಡಾಕ್ಟರನ್ನೇ ಒಂದು ಮಾತು ಕೇಳಿ.

ತಮಾಷೆ ಏನೆಂದರೆ, ಏರು ಹಾಕಿದಾಗ ನಿಮಗೆ ಕಷ್ಟ ಜಾಸ್ತಿ, ಮೋಟರ್‌ಗೆ ಕಡಿಮೆ. ಇಳಿಜಾರಾದ ಬೆಲ್ಟನ್ನು ನಿಮ್ಮ ಭಾರವೇ ಹಿಂದಕ್ಕೆ ತಳ್ಳುತ್ತದೆ.

ಏರಲ್ಲಿ ಎರಡು ಬಗೆ. ಗುಂಡಿ ಒತ್ತಿದರೆ ತಾನೇ ಏಳುವುದು ಒಂದು. ಇಳಿದು ಬಗ್ಗಿ ಯಂತ್ರದ ಹಿಂದಿನ ಕಾಲನ್ನು ಕೈಯಲ್ಲೇ ಬದಲಿಸಬೇಕಾದ್ದು ಇನ್ನೊಂದು. ಎರಡನೆಯದನ್ನು ಜನ ಮೊದಲ ವಾರ ಬದಲಿಸುತ್ತಾರೆ, ಆಮೇಲೆ ಅದು ಹೇಗಿದೆಯೋ ಹಾಗೇ ಉಳಿಯುತ್ತದೆ. ಓಡುವವರು ಹೊರಗಿನ ಓಟಕ್ಕೆ ಸಮ ಆಗಲಿ ಅಂತ ಶೇ. 1 ಏರು ಇಡಬೇಕು ಅನ್ನುವ ಮಾತು ಕೇಳಿರುತ್ತೀರಿ. ಅದು 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಅನ್ನುವವರು ಮಾಡಿದ ಅಧ್ಯಯನದಿಂದ ಬಂದದ್ದು. ಒಳಗೆ ಎದುರುಗಾಳಿ ಇಲ್ಲದ ಕೊರತೆ ತುಂಬಲು ಅಷ್ಟು ಬೇಕು. ಅವರು ನೋಡಿದ್ದು ಗಂಟೆಗೆ 10.5ರಿಂದ 18 ಕಿ.ಮೀ. ವೇಗದ ಓಟ. ಮಗಳು ಅದಕ್ಕಿಂತ ನಿಧಾನ ಓಡುತ್ತಿದ್ದರೆ ತಲೆ ಕೆಡಿಸಿಕೊಳ್ಳುವುದು ಬೇಡ.

ಈಗ ಆ ದೊಡ್ಡ ಟಚ್‌ಸ್ಕ್ರೀನ್. ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ, ಕ್ಷಮಿಸಿ. ಉಕ್ಕಿನ ಫ್ರೇಮ್ ಹದಿನೈದು ವರ್ಷ ಬಾಳುತ್ತದೆ. ಸ್ಕ್ರೀನ್ ಅಷ್ಟು ವರ್ಷ ಹಳತಾಗದೆ ಇರುವುದಿಲ್ಲ, ನಿಮ್ಮ ಹಳೆಯ ಫೋನ್ ಏನಾಯಿತು ನೋಡಿ. ಅದರಲ್ಲಿ ಬರುವ ಪಾಠಗಳಿಗೆ ತಿಂಗಳು ತಿಂಗಳು ಚಂದಾ ಕಟ್ಟಬೇಕಾಗುತ್ತದೆ. ಚಂದಾ ಇಲ್ಲದೆ ಏನೇನು ನಡೆಯುತ್ತದೆ ಅಂತ ಕೊಳ್ಳುವ ಮೊದಲೇ ಕೇಳಿ. ಕೆಲವರಿಗೆ ಆ ಪಾಠಗಳೇ ದಿನಾ ಹತ್ತಿಸುತ್ತವೆ, ಅಂಥವರಿಗೆ ಅದು ದಂಡ ಅಲ್ಲ. ಉಳಿದವರಿಗೆ ಒಂದು ಸ್ಟ್ಯಾಂಡು, ಅದರ ಮೇಲೆ ಮನೆಯಲ್ಲಿರುವ ಟ್ಯಾಬ್, ಸಾಕು. ಹಿಡಿಕೆಯಲ್ಲಿರುವ ನಾಡಿ ಅಳೆಯುವ ಲೋಹದ ಪಟ್ಟಿಗಳನ್ನೂ ನಂಬಬೇಡಿ. ಎದೆಗೆ ಕಟ್ಟುವ ಪಟ್ಟಿ ಎಷ್ಟೋ ವಾಸಿ.

ಜಾಸ್ತಿ ದುಡ್ಡು ಕೊಟ್ಟರೆ ಸುರಕ್ಷತೆ ತಾನಾಗಿ ಬರುತ್ತದೆ ಅನ್ನುವಂತಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ತನ್ನ ಬಹಳ ದುಬಾರಿಯಾದ ಟ್ರೆಡ್ ಪ್ಲಸ್ ಯಂತ್ರಗಳನ್ನು ಹಿಂದಕ್ಕೆ ಕರೆಯಿತು, ಸುಮಾರು 1,25,000 ಯಂತ್ರ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಯಂತ್ರ ಹಿಂಬದಿಯಿಂದ ಒಳಗೆ ಎಳೆದುಕೊಂಡ ದೂರುಗಳು ಬಂದಿದ್ದವು. ಆರು ವರ್ಷದ ಒಂದು ಮಗು ತೀರಿಕೊಂಡಿತ್ತು. ಅದೇ ಹೊತ್ತಿಗೆ ಆ ಕಂಪನಿಯ ಇನ್ನೊಂದು ಮಾದರಿ ಟಚ್‌ಸ್ಕ್ರೀನ್ ಕಳಚಿ ಬೀಳುತ್ತದೆ ಅನ್ನುವ ಕಾರಣಕ್ಕೆ ವಾಪಸಾಯಿತು. ನಿಮ್ಮ ಮನೆಗೆ ಚಿಕ್ಕ ಮಕ್ಕಳು ಬರುವುದಿದ್ದರೆ, ಕಿತ್ತರೆ ಯಂತ್ರ ನಿಲ್ಲುವ ಕೆಂಪು ದಾರದ ಸೇಫ್ಟಿ ಕೀಯನ್ನು ಬಳಸಿದ ಮೇಲೆ ತೆಗೆದು ಮೇಲೆ ಎತ್ತಿಡಿ. ನಡೆಯುವಾಗ ಅದರ ಕ್ಲಿಪ್ ನಿಮ್ಮ ಬಟ್ಟೆಗೆ ಇರಲಿ. ಯಂತ್ರದ ಹಿಂದೆ 2 ಮೀಟರ್ ಖಾಲಿ ಬಿಡಿ, ಪಕ್ಕಗಳಲ್ಲಿ ಅರ್ಧ ಮೀಟರ್. ಹಿಂದೆ ಗೋಡೆ ಇದ್ದರೆ ಬಿದ್ದವರು ಗೋಡೆಗೂ ಓಡುವ ಬೆಲ್ಟ್‌ಗೂ ನಡುವೆ ಸಿಕ್ಕಿಕೊಳ್ಳುತ್ತಾರೆ.

ಚಾವಣಿಯನ್ನೂ ಅಳೆಯಿರಿ. ಬೆಲ್ಟ್ ನೆಲದಿಂದ ಒಂದು ಗೇಣು ಮೇಲಿರುತ್ತದೆ, ಏರು ಹಾಕಿದರೆ ಮುಂಭಾಗ ಇನ್ನೂ ಮೇಲೆ ಹೋಗುತ್ತದೆ. ಫ್ಯಾನ್ ಕೆಳಗಂತೂ ಬೇಡವೇ ಬೇಡ. ಪ್ಲಗ್ ನೇರ ಗೋಡೆಯ ಸಾಕೆಟ್‌ಗೆ ಹೋಗಲಿ, ಅರ್ಥಿಂಗ್ ಸರಿ ಇರಲಿ, ಎಕ್ಸ್‌ಟೆನ್ಷನ್ ವೈರ್ ಬೇಡ.

ಸದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದುಬಾರಿ ಯಂತ್ರದ ಮೋಟರ್ ಸದ್ದು ಕಡಿಮೆ. ಆದರೆ ಕೆಳಗಿನ ಮನೆಯವರಿಗೆ ಕೇಳುವುದು ಮೋಟರ್ ಅಲ್ಲ, ಮಗಳ ಹೆಜ್ಜೆ. ದಪ್ಪ ರಬ್ಬರ್ ಮ್ಯಾಟ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ.

ನಿಮ್ಮ ಹೆಂಡತಿಯವರ ಮಾತಿಗೆ ಬರುತ್ತೇನೆ, ಅವರು ಹೇಳಿದ್ದು ಸುಳ್ಳಲ್ಲ. 1818ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯುಬಿಟ್ ಅನ್ನುವ ಇಂಜಿನಿಯರ್ ಜೈಲಿನ ಕೈದಿಗಳಿಗೆ ಅಂತ ತುಳಿಯುವ ಚಕ್ರ ಮಾಡಿಸಿದ, ಅದರ ಹೆಸರೂ ಟ್ರೆಡ್‌ಮಿಲ್ಲೇ. ಗಾಣದೆತ್ತಿನ ಹಾಗೆ ಇದ್ದಲ್ಲೇ ನಡೆಯುವುದು ಮನುಷ್ಯನಿಗೆ ಬೇಸರ, ಅದಕ್ಕೇ ಅದು ಶಿಕ್ಷೆ ಆಗಿತ್ತು! ಬೇಸರ ಕಳೆಯುವುದು ಬೆಲೆಯಿಂದಲ್ಲ, ಯಂತ್ರ ಎಲ್ಲಿದೆ ಅನ್ನುವುದರಿಂದ. ಮಡಚಿ ಮೂಲೆಗೆ ನಿಲ್ಲಿಸಿದ ಟ್ರೆಡ್‌ಮಿಲ್ಲನ್ನು ದಿನಾ ಬಿಡಿಸಿ ನಡೆಯುವವರನ್ನು ನಾನು ಕಂಡದ್ದು ಕಡಿಮೆ. ಗಾಳಿ ಬೆಳಕು ಬರುವ ಕಡೆ, ಬಿಚ್ಚಿದ ಹಾಗೇ ಇಡಲು ಜಾಗ ಇದೆಯಾ ಅಂತ ಮೊದಲು ನೋಡಿ. ಒಂದು ತಿಂಗಳು ಮೂವರೂ ಹೊರಗೆ ನಡೆದು, ಓಡಿ, ಎಷ್ಟು ದಿನ ತಪ್ಪಿಸಿದಿರಿ ಅಂತ ಬರೆದಿಡಿ. ಅರ್ಧಕ್ಕರ್ಧ ತಪ್ಪಿದ್ದರೆ ಯಾವುದನ್ನೂ ಕೊಳ್ಳಬೇಡಿ.

ಬಟ್ಟೆ ಒಣಹಾಕಿದವರ ಯಂತ್ರ ನಿಮ್ಮಂಥವರಿಗೆ ಲಾಭ ಅನ್ನುವುದೂ ನಿಜ. ಒಳ್ಳೆಯ ಮೋಟರ್, ದಪ್ಪ ರೋಲರ್ ಇರುವ ದುಬಾರಿ ಯಂತ್ರ ಬಳಸಿದ್ದು ಸಿಕ್ಕಿದರೆ, ಹೊಸ ಅಗ್ಗದ್ದಕ್ಕಿಂತ ನಾನು ಅದನ್ನೇ ಆರಿಸುತ್ತೇನೆ. ಬೆಲ್ಟ್ ಅಂಚನ್ನು ಎತ್ತಿ ಡೆಕ್ ಸವೆದು ಗೆರೆ ಬಿದ್ದಿದೆಯಾ ನೋಡಿ. ಒಟ್ಟು ಎಷ್ಟು ಗಂಟೆ ಓಡಿದೆ ಅನ್ನುವುದು ಕೆಲವು ಯಂತ್ರಗಳ ಮೆನುವಿನಲ್ಲಿ ಇರುತ್ತದೆ, ಕೇಳಿ. ಬೋರ್ಡ್ ಈಗಲೂ ಸಿಗುತ್ತದೆಯಾ ಅಂತ ವಿಚಾರಿಸದೆ ದುಡ್ಡು ಕೊಡಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಎರಡನ್ನೂ ಬಿಟ್ಟು, ನಡುವಿನ ಬೆಲೆಯಲ್ಲಿ, ಸಾದಾ ಡಿಸ್‌ಪ್ಲೇ ಇರುವ ಒಂದನ್ನು ಹುಡುಕುತ್ತಿದ್ದೆ. ಕಂಟಿನ್ಯುಯಸ್ 3 ಎಚ್‌ಪಿ, ಮಿತಿ 120ಕ್ಕೆ ಕಡಿಮೆ ಇರಬಾರದು, ಬೆಲ್ಟ್ 140ಕ್ಕೆ 50, ಗುಂಡಿ ಒತ್ತಿದರೆ ಏಳುವ ಏರು, ಬೋರ್ಡ್‌ಗೆ ಎರಡು ಮೂರು ವರ್ಷದ ವಾರಂಟಿ. ಅಂಥದ್ದು ಸಿಗದಿದ್ದರೆ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ, ಆ ದುಬಾರಿಯದ್ದು ತನ್ನಿ. ಸ್ಕ್ರೀನ್ ಪುಕ್ಕಟೆ ಬಂತು ಅಂದುಕೊಳ್ಳಿ.

ನೋಡಲು ಹೋಗುವಾಗ ನಡೆಯುವ ಶೂ ಹಾಕಿಕೊಂಡು ಮೂವರೂ ಹೋಗಿ. ಮೊದಲು ನೀವು ಹತ್ತಿ. ಗಂಟೆಗೆ 2 ಕಿ.ಮೀ. ವೇಗಕ್ಕೆ ಇಟ್ಟು ಹಿಮ್ಮಡಿ ಊರಿ ಭಾರ ಹಾಕಿ ನಡೆಯಿರಿ. ಪ್ರತಿ ಹೆಜ್ಜೆಗೂ ಬೆಲ್ಟ್ ತಡವರಿಸಿದರೆ ಆ ಯಂತ್ರ ನಿಮ್ಮದಲ್ಲ. ತಡವರಿಸದಿದ್ದರೆ ಹತ್ತು ನಿಮಿಷ ಹಾಗೇ ನಡೆದು, ಮೋಟರ್ ಮುಚ್ಚಳದ ಮೇಲೆ ಕೈಯಿಟ್ಟು ನೋಡಿ, ಮೂಗಿಗೆ ಸುಟ್ಟ ವಾಸನೆ ಬರುತ್ತಾ ಗಮನಿಸಿ. ಆಮೇಲೆ ಮಗಳನ್ನು ಐದು ನಿಮಿಷ ಓಡಲು ಬಿಟ್ಟು, ನೀವು ಪಕ್ಕದಲ್ಲಿ ನಿಂತು ಕಂಬಗಳನ್ನು ನೋಡುತ್ತಿರಿ. ‘ಇಷ್ಟು ಹೊತ್ತು ಯಾರೂ ನೋಡಲ್ಲ ಸಾರ್’ ಅಂತ ಮಾರುವವರು ಅಂದರೆ, ಇನ್ನೂ ಐದು ನಿಮಿಷ ಓಡಿಸಿ.